ಮನೆ ಮಾವನ ಎರಡನೇ ಭಾಷಣ

ಫೆಬ್ರವರಿ 1, ಗುರುವಾರ. ಮಧ್ಯಾಹ್ನ, ಕ್ಲಿನಿಕ್

ಬೆಳಿಗ್ಗೆ ಎರಡು ರೂಟ್ ಕೆನಾಲ್, ಒಂದು ದವಡೆ ಹಲ್ಲು. ದವಡೆ ಹಲ್ಲಿನವರು ಪೋಸ್ಟ್ ಆಫೀಸಿನ ದಪ್ಪ ಮನುಷ್ಯ. ಹಲ್ಲು ಅಲುಗಾಡಿಸುತ್ತ ನಮ್ಮ ಬೀದಿಯ ಪಾರ್ಕಿಂಗ್ ಸಮಸ್ಯೆಯನ್ನು ಪೂರ್ತಿ ವಿವರಿಸಿದೆ. "ಆಂ… ಆಂ…" ಎಂದರು. ಒಪ್ಪಿದರು ಎಂದುಕೊಂಡೆ.

ಮುಂದಿನ ಪೇಷಂಟ್ ಮೂರಕ್ಕೆ. ಬಾಗಿಲು ಹಾಕಿಕೊಂಡು ಖಾಲಿ ಕುರ್ಚಿಯ ಮುಂದೆ ನಿಂತು ಇವತ್ತಿನ ಭಾಷಣ ಅಭ್ಯಾಸ ಮಾಡಿದೆ. ವಿಷಯ — ನಿದ್ರೆಯ ಮಹತ್ವ. ಕಾರ್ಡುಗಳ ಮೇಲೆ ಎಲ್ಲ ಬರೆದಾಗಿದೆ, ಎಲ್ಲಿ ಮುಗುಳ್ನಗಬೇಕು ಎಂಬುದೂ.

ಮನೆಯಲ್ಲಿ ಅಭ್ಯಾಸ ಮಾಡುವ ಹಾಗಿಲ್ಲ. ನನ್ನ ಓದುವ ಕೋಣೆಯಲ್ಲಿ ಈಗ ಮಾವ ಇದ್ದಾರೆ. ಅತ್ತೆ ತೀರಿಕೊಂಡ ಮೇಲೆ, ನವೆಂಬರಿನಲ್ಲಿ, ಹೆಂಡತಿಯೇ ಹೋಗಿ ಕರೆದುಕೊಂಡು ಬಂದಳು. ಒಂದು ಸೂಟ್‌ಕೇಸ್, ಒಂದು ರೇಡಿಯೋ, ಒಂದು ಗಂಟಲು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಕೆಲಸ ಬಿಟ್ಟು ವರ್ಷಗಳಾದರೂ ಗಂಟಲು ಅವರನ್ನು ಬಿಟ್ಟಿಲ್ಲ. ಬೆಳಗಿನ ಜಾವವೇ ಎದ್ದು ನಲ್ಲಿಯನ್ನು ಬೈಯುತ್ತಾರೆ. ಪೇಪರ್ ಬಂದರೆ ಮರಣ ವಾರ್ತೆಯಿಂದ ಟೆಂಡರ್ ನೋಟಿಸಿನವರೆಗೆ ಗಟ್ಟಿಯಾಗಿ ಓದುತ್ತಾರೆ. ಊಟಕ್ಕೆ ಕೂತರೆ ಉಪ್ಪಿನ ಡಬ್ಬಿ ಹರಾಜಾಗುತ್ತದೆ. "ಉಪ್ಪು! ಯಾರಿಗೆ ಉಪ್ಪು! ಒಂದು ಸಲ… ಎರಡು ಸಲ…" ಮಗಳು ಇಯರ್‌ಫೋನ್ ಸಿಕ್ಕಿಸಿಕೊಂಡೇ ಉಣ್ಣುತ್ತಾಳೆ. ನಾನು ಬೇಗ ಉಂಡು ಏಳುತ್ತೇನೆ.

ಪಕ್ಕದ ಕನ್ನಡಕದಂಗಡಿಯವನಿಗೆ ನಗು. "ಮನೆ ಅಳಿಯ ಅಂತ ಕೇಳಿದ್ದೆ ಡಾಕ್ಟ್ರೆ. ಮನೆ ಮಾವ ಇದೇ ಫಸ್ಟು!"

ಒಳ್ಳೆಯವರು. ಅದನ್ನೂ ಬರೆಯಬೇಕು. ಆದರೆ ಒಳ್ಳೆಯತನಕ್ಕೆ ವಾಲ್ಯೂಮ್ ಬಟನ್ ಇರಬೇಕಿತ್ತು.

ಹಾಗಾಗಿ ಈ ಗುರುವಾರದ ಸಂಜೆ. ಲೈಬ್ರರಿಯ ಮಹಡಿ ಮೇಲಿನ ಕೋಣೆ, ಭಾಷಣ ಕ್ಲಬ್. ವಾರದಲ್ಲಿ ನನ್ನದು ಎಂದು ಇರುವ ಎರಡು ಗಂಟೆ.

ಫೆಬ್ರವರಿ 2, ಶುಕ್ರವಾರ. ಬೆಳಿಗ್ಗೆ

ನಿನ್ನೆ ಚೆನ್ನಾಗಿಯೇ ಆಯಿತು. ಹಸಿರು ದೀಪ ಬಂತು, ಹಳದಿ ಬಂತು, ಕೆಂಪು ಬರುವ ಮೊದಲೇ ಮುಗಿಸಿದೆ. ದೀಪದ ಗುಂಡಿ ಒತ್ತುವವರು ಡ್ರೈವಿಂಗ್ ಸ್ಕೂಲಿನ ಮೇಡಂ. ಎಲ್ಲರ ಸಮಯವೂ ಅವರ ಹೆಬ್ಬೆರಳಿನ ಕೆಳಗೆ. ಕೆಂಪು ದಾಟಿದರೆ ಗಂಟೆ ಬಾರಿಸುತ್ತಾರೆ. "ನನ್ನ ಕಡೆ ಬ್ರೇಕ್ ಇದೆ ಅಂತ ಮರೀಬೇಡಿ" ಎನ್ನುತ್ತಾರೆ.

ನಮ್ಮ ಕ್ಲಬ್ಬಿನಲ್ಲಿ ಭಾಷಣ ಮಾಡಿದವರನ್ನು ಇನ್ನೊಬ್ಬರು ಎದ್ದು ವಿಮರ್ಶೆ ಮಾಡಲೇಬೇಕು. ಮೊದಲು ಮೆಚ್ಚುಗೆ, ಆಮೇಲೆ ಒಂದು ತಿದ್ದುಪಡಿ. ನನ್ನನ್ನು ವಿಮರ್ಶಿಸಿದ್ದು ವಿಮಾ ಏಜೆಂಟ್. "ಮಾತು ತೊಳೆದಿಟ್ಟ ಪಾತ್ರೆ ಹಾಗಿತ್ತು. ಆದ್ರೆ ಡಾಕ್ಟ್ರೆ, ಒಂದು ಸಲಾನೂ ನಮ್ಮ ಮುಖ ನೋಡ್ಲಿಲ್ಲ. ನಾವೇನು ಬಾಯಿ ತೆರ್ಕೊಂಡು ಕೂತಿರಬೇಕಿತ್ತಾ?" ಎಲ್ಲರೂ ನಕ್ಕರು. ನಾನೂ.

ಆಮೇಲೆ ಚಹಾ, ಬಿಸ್ಕೆಟ್. ಕುರ್ಚಿ ಜೋಡಿಸಿಟ್ಟು, ಕಿಟಕಿ ಮುಚ್ಚಿ, ನಿಧಾನವಾಗಿ ನಡೆದು ಬಂದೆ. ಈ ನಿಧಾನದ ನಡಿಗೆ ನನಗೆ ಭಾಷಣಕ್ಕಿಂತ ಇಷ್ಟ.

ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಿಚುತ್ತಿದ್ದಳು.

"ಮುಂದಿನ ವಾರ ಅಪ್ಪನ್ನೂ ಕರ್ಕೊಂಡು ಹೋಗಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಕ್ಲಬ್ಬಿಗೆ. ನಾಲ್ಕು ಜನರ ಮಧ್ಯ ಇದ್ದೋರು ಅವ್ರು. ಇಲ್ಲಿ ನಾಲ್ಕು ಗೋಡೆ ಮಧ್ಯ ಕೂತಿದ್ದಾರೆ."

"ಅವರಿಗೆ ಭಾಷಣ ಕ್ಲಬ್ ಯಾಕೆ? ಮೀನಿಗೆ ಈಜು ಕಲಿಸೋಕಾ?"

"ಈಜೋಕಲ್ಲ ರೀ. ನೀರಿಗೆ."

ನಗರದ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನೀರಿನ ವಿಷಯದಲ್ಲಿ ಅವಳ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಫೆಬ್ರವರಿ 9, ಶುಕ್ರವಾರ. ಬೆಳಿಗ್ಗೆ

ಆಗಬೇಕಾದ್ದು ಆಯಿತು.

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಂಜೆ ಐದಕ್ಕೇ ಬಾಗಿಲಲ್ಲಿ. ಲೈಬ್ರರಿಯ ಮೆಟ್ಟಿಲಲ್ಲಿ "ಶಬ್ದ ಮಾಡಬೇಡಿ" ಎಂಬ ಬೋರ್ಡನ್ನು ಗಟ್ಟಿಯಾಗಿ ಓದಿದರು. ಕೆಳಗೆ ಓದುತ್ತಿದ್ದವರೆಲ್ಲ ತಲೆ ಎತ್ತಿದರು.

ಅತಿಥಿ ಎಂದು ಹಿಂದಿನ ಸಾಲಿನಲ್ಲಿ ಕೂರಿಸಿದೆ. ಸುಮ್ಮನೆ ಕೂತಿದ್ದರು, ಪರವಾಗಿಲ್ಲ ಎಂದುಕೊಂಡೆ. ದಿಢೀರ್ ಭಾಷಣದ ಸುತ್ತು ಬಂತು. ಡಬ್ಬಿಯಿಂದ ಒಂದು ಚೀಟಿ ಎತ್ತಿ, ಅದರಲ್ಲಿರುವ ವಿಷಯದ ಮೇಲೆ ಎರಡು ನಿಮಿಷ ಮಾತಾಡುವುದು. ನಮ್ಮ ಅಧ್ಯಕ್ಷೆ ಪಶುವೈದ್ಯೆ. ಕಚ್ಚುವ ನಾಯಿಗೂ ಪ್ರೀತಿಯಿಂದ ಸೂಜಿ ಚುಚ್ಚುವವರು. ಡಬ್ಬಿ ಹಿಡಿದು ನೇರ ಮಾವನ ಹತ್ತಿರ ಹೋದರು.

ಚೀಟಿಯಲ್ಲಿದ್ದದ್ದು — "ನನಗೆ ಇಷ್ಟವಾದ ಒಂದು ವಸ್ತು".

ಮಾವ ತಾವು ಕೂತಿದ್ದ ಕುರ್ಚಿಯನ್ನೂ ಎಳೆದುಕೊಂಡು ಮುಂದೆ ಬಂದರು. ಚೀಟಿ ಜೇಬಿಗೆ ಹಾಕಿಕೊಂಡರು. ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟರು.

"ನೋಡಿ ಅಮ್ಮ, ನೋಡಿ ಅಪ್ಪ! ನಾಲ್ಕು ಕಾಲು, ಅದ್ರಲ್ಲಿ ಮೂರು ಗಟ್ಟಿ! ನಾಲ್ಕನೇದು ನಿಮ್ಮ ನಂಬಿಕೆ ಮೇಲೆ ನಿಂತಿದೆ! ಇದ್ರ ಮೇಲೆ ಕೂತೋರಿಗೆ ನಿದ್ದೆ ಬರಲ್ಲ, ಗ್ಯಾರಂಟಿ ನಂದು! ಭಾಷಣ ಕೇಳೋಕೆ ಇದಕ್ಕಿಂತ ಒಳ್ಳೆ ಕುರ್ಚಿ ಎಲ್ಲಿದೆ? ಯಾರು ಮೊದ್ಲು? ಅಲ್ಲಿ ಮೂಲೇಲಿ ಅಕ್ಕ ಮೂಗು ಕೆರೀತಿದ್ದಾರೆ — ಸವಾಲಾ, ಕೆರೆತಾನಾ?"

ಕೋಣೆ ಬಿದ್ದು ಬಿದ್ದು ನಕ್ಕಿತು. ವಿಮಾ ಏಜೆಂಟ್ ಸವಾಲು ಕೂಗಿದ. ಅಧ್ಯಕ್ಷೆ ಅದರ ಮೇಲೆ ಬೆಲೆ ಏರಿಸಿ ಕೂಗಿದರು. ಕ್ಲಬ್ಬಿನದೇ ಕುರ್ಚಿ, ಕ್ಲಬ್ಬಿನ ಅಧ್ಯಕ್ಷೆಯೇ ಕೊಳ್ಳಲು ಹೊರಟಿದ್ದರು! ಕೆಂಪು ದೀಪ ಹತ್ತಿತು. ಮಾವ ಅದರ ಕಡೆ ತಿರುಗಿ, "ಆ ದೀಪ ಬೇರೆ ಐಟಮ್ಮು ಮೇಡಂ, ಅದು ಆಮೇಲೆ" ಎಂದರು. ಡ್ರೈವಿಂಗ್ ಮೇಡಂ ಗಂಟೆ ಬಾರಿಸುವುದನ್ನೇ ಮರೆತು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಲ್ಲೇ ಮೆಂಬರ್ ಮಾಡಿಕೊಂಡರು. ಚಹಾ ಹೊತ್ತಿನಲ್ಲಿ ಎಲ್ಲರೂ ಅವರ ಸುತ್ತ. ನಾನು ಬಿಸ್ಕೆಟ್ ತಟ್ಟೆ ಹಿಡಿದು ನಿಂತಿದ್ದೆ. ಅಧ್ಯಕ್ಷೆ ಬೆನ್ನು ತಟ್ಟಿ, "ಇಂಥೋರನ್ನ ಮನೇಲಿಟ್ಕೊಂಡು ನಮಗೆ ಹೇಳೇ ಇಲ್ವಲ್ಲ ಡಾಕ್ಟ್ರೆ!" ಎಂದರು.

ಎರಡು ವರ್ಷದಿಂದ ಹೋಗುತ್ತಿದ್ದೇನೆ. ನನ್ನ ಯಾವ ಮಾತಿಗೂ ಅಲ್ಲಿ ಯಾರೂ ಕಣ್ಣೊರೆಸಿಕೊಂಡದ್ದಿಲ್ಲ.

ದಾರಿಯುದ್ದಕ್ಕೂ ಮಾವನದೇ ಮಾತು. ನನ್ನ ನಿಧಾನದ ನಡಿಗೆ ಹೋಯಿತು.

ಫೆಬ್ರವರಿ 13, ಮಂಗಳವಾರ

ಮನೆಯಲ್ಲಿ ತಾಲೀಮು. ಈ ಗುರುವಾರ ಮಾವನ ಮೊದಲ ಭಾಷಣ. ಹೊಸಬರೆಲ್ಲರಿಗೂ ಒಂದೇ ವಿಷಯ — ನನ್ನ ಪರಿಚಯ. ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ನಿಂತು ಅಭ್ಯಾಸ. ಎದುರು ಮನೆಯವರೂ ಈಗ ಅವರ ಪರಿಚಯ ಬಲ್ಲರು.

ಅಧ್ಯಕ್ಷೆ ಫೋನ್ ಮಾಡಿದರು. ವಿಮರ್ಶೆಗೆ ಚೀಟಿ ಎತ್ತಿದರಂತೆ. ನನ್ನ ಹೆಸರು ಬಂತಂತೆ.

"ಬೇರೆಯವರಿಗೆ ಕೊಡಿ ಮೇಡಂ. ಮನೆಯವರು…"

"ಮನೆಯವರಾದ್ರೇನು? ನಿಯಮ ನಿಯಮಾನೇ."

ಮಾವನಿಗೆ ಹೇಳಿದರೆ ಹಿಗ್ಗಿಬಿಟ್ಟರು. "ಅಳಿಯ ಅಳೆಯೋದು! ಹೆಸ್ರಲ್ಲೇ ಇದೆಯಲ್ಲ! ಸರಿಯಾಗಿ ಅಳೀರಿ ಅಳಿಯಂದ್ರೆ, ತೂಕದಲ್ಲಿ ಮೋಸ ಮಾಡ್ಬೇಡಿ."

ಫೆಬ್ರವರಿ 16, ಶುಕ್ರವಾರ. ಬೆಳಿಗ್ಗೆ, ಕ್ಲಿನಿಕ್

ಬೇಗ ಬಂದು ಕೂತಿದ್ದೇನೆ. ಮನೆಯಲ್ಲಿ ಕೂರಲಾಗಲಿಲ್ಲ.

ಭಾಷಣ ಎಲ್ಲರೂ ಎಣಿಸಿದ ಹಾಗೇ. ಟೊಮೇಟೊ ಕೂಗಿದರು, ಸೋರೆಕಾಯಿ ಕೂಗಿದರು, ಕೊನೆಗೆ ತಮ್ಮನ್ನೇ ಹರಾಜಿಗಿಟ್ಟರು. "ಹಳೇ ಮಾಲು, ಹಲ್ಲು ಪೂರ್ತಿ ಇದೆ — ಅಳಿಯ ಡಾಕ್ಟ್ರು!" ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ಹಲ್ಲು ಕಾಣುವ ಹಾಗೆ ನಾನೂ ನಕ್ಕೆ.

ಆಮೇಲೆ ನಾನು ಎದ್ದೆ. ಕಾರ್ಡಿನಲ್ಲಿ ಬರೆದುಕೊಂಡದ್ದು ಸರಿಯಾಗಿಯೇ ಇತ್ತು. ಮೆಚ್ಚುಗೆ — ದನಿ, ಧೈರ್ಯ, ಸಭೆಯನ್ನು ಹಿಡಿದಿಡುವ ಶಕ್ತಿ. ತಿದ್ದುಪಡಿ — ಸ್ವಲ್ಪ ನಿಧಾನವಾಗಿ ಮಾತಾಡಬಹುದು. ಅಷ್ಟೇ. ಅಷ್ಟು ಓದಿ ಕೂತಿದ್ದರೆ ಆಗುತ್ತಿತ್ತು.

ಏನಾಯಿತೋ. ಕಾರ್ಡಿನಿಂದ ತಲೆ ಎತ್ತಿದೆ. ಎಲ್ಲರ ಮುಖದಲ್ಲೂ ಇನ್ನೂ ಮಾವನ ನಗು ಉಳಿದಿತ್ತು.

"ಭಾಷಣದ ಹೆಸರು ನನ್ನ ಪರಿಚಯ" ಎಂದೆ. "ಆದರೆ ಪರಿಚಯ ಆಗಲಿಲ್ಲ. ಸೋರೆಕಾಯಿ ಪರಿಚಯ ಆಯಿತು. ನವೆಂಬರಿನಿಂದ ಒಂದೇ ಸೂರಿನಡಿ ಇದ್ದೇನೆ, ನನಗೂ ಆಗಿಲ್ಲ. ದನಿ ಜಾಸ್ತಿ, ಮಾತು ಕಡಿಮೆ."

ಆ ಕೊನೆಯ ವಾಕ್ಯ ನನ್ನ ಕಿವಿಗೇ ಏಟಿನ ಹಾಗೆ ಬಿತ್ತು. ಯಾರೋ ಕಪ್ಪನ್ನು ಬಸಿಯ ಮೇಲೆ ಇಟ್ಟ ಸದ್ದು.

ಮಾವ ತಲೆ ಆಡಿಸಿದರು, ಲೆಕ್ಕ ಒಪ್ಪಿದವರ ಹಾಗೆ. ಚಪ್ಪಾಳೆಯನ್ನೂ ತಟ್ಟಿದರು — ನಿಯಮ. ದಾರಿಯಲ್ಲಿ ಒಂದು ಮಾತೂ ಇಲ್ಲ. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಅಳತೆ ಸರಿಯಾಗಿತ್ತು ಅಳಿಯಂದ್ರೆ" ಎಂದು ಒಳಗೆ ಹೋದರು.

ಸತ್ಯ ಹೇಳಿದೆನೇ? ಹೇಳಿದೆ. ಸತ್ಯಕ್ಕಾಗಿ ಹೇಳಿದೆನೇ? ಅದು ಬೇರೆ ಪ್ರಶ್ನೆ. ಒಂಬತ್ತೂವರೆಯ ಪೇಷಂಟ್ ಬಂದರು.

ಫೆಬ್ರವರಿ 18, ಭಾನುವಾರ

ನಲ್ಲಿಯನ್ನು ಯಾರೂ ಬೈಯುತ್ತಿಲ್ಲ. ಪೇಪರ್ ಮಡಿಚಿದ್ದು ಮಡಿಚಿದ ಹಾಗೇ ಇರುತ್ತದೆ. ನಿನ್ನೆ ಏಳರವರೆಗೆ ನಿದ್ದೆ ಮಾಡಿದೆ. ಇವತ್ತೂ. ಸುಖ ಎಂದು ಬರೆಯಬೇಕು. ಬರೆಯಲು ಕೈ ಬರುತ್ತಿಲ್ಲ.

ಊಟದ ಹೊತ್ತಿನಲ್ಲಿ ಮಾವ ಉಪ್ಪಿನ ಡಬ್ಬಿಗೆ ತಾವೇ ಕೈ ಚಾಚಿ ತೆಗೆದುಕೊಂಡರು. ಮಗಳು ಇಯರ್‌ಫೋನ್ ತೆಗೆದು, ನನ್ನ ಮುಖ, ಅವಳಮ್ಮನ ಮುಖ ನೋಡಿದಳು. "ತಾತಂಗೆ ಹುಷಾರಿಲ್ವಾ?"

ಫೆಬ್ರವರಿ 20, ಮಂಗಳವಾರ

ಹೆಂಡತಿಗೆ ಹೇಳಿದೆ. ಎಲ್ಲ. ಕೊನೆಯ ವಾಕ್ಯ ಸಮೇತ.

ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆಮೇಲೆ, "ಅಪ್ಪ ರೂಮ್ ನೋಡ್ಕೊಂಡು ಬಂದಿದ್ದಾರೆ" ಎಂದಳು.

"ಯಾವ ರೂಮ್?"

"ಹಳೇ ಮಾರುಕಟ್ಟೆ ಹತ್ರ. ಯಾರೋ ಪರಿಚಯದೋರ ಮನೆ, ಮೇಲಿನ ರೂಮು. ಹತ್ತನೇ ತಾರೀಕು ಹೋಗ್ತಾರಂತೆ. ನಾನು ಏನೇ ಕೇಳಿದ್ರೂ 'ನಿಮಗೂ ಜಾಗ ಬೇಕಲ್ಲಮ್ಮ' ಅಂತಾರೆ. ಯಾಕೆ ಈಗ ಇದ್ದಕ್ಕಿದ್ದಂಗೆ ಅಂತ ಗೊತ್ತಾಗ್ತಿರ್ಲಿಲ್ಲ. ಈಗ ಗೊತ್ತಾಯ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎದ್ದು ಹೋಗಿ ಒಣಗಿದ ಬಟ್ಟೆಗಳನ್ನೇ ಮತ್ತೆ ಕೊಡವಿದಳು.

ಫೆಬ್ರವರಿ 21, ಬುಧವಾರ. ಬೆಳಿಗ್ಗೆ

ಮಾವನ ಕೋಣೆಗೆ ಹೋದೆ. ರೇಡಿಯೋದ ಧೂಳು ಒರೆಸುತ್ತಿದ್ದರು. ಕ್ಷಮಿಸಿ ಎಂದೆ. ಎರಡು ಸಲ ಎಂದೆ. ಮೊದಲನೆಯ ಸಲ ನನ್ನ ದನಿ ಹೊರಗೇ ಬಂದಿರಲಿಲ್ಲ.

"ಯಾಕೆ ಕ್ಷಮೆ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಅದ್ರಲ್ಲೂ ಒಡೆದ ಮುತ್ತು ಅಸಲೀನೇ ಆಗಿತ್ತು. ಇಷ್ಟು ವರ್ಷದಲ್ಲಿ ನೀವು ನನ್ನ ಮುಖ ನೋಡಿ ಹೇಳಿದ ಉದ್ದದ ಮಾತು ಅದೇ, ಗೊತ್ತಾ?"

"ಹೋಗಬೇಡಿ ಮಾವ."

"ನೋಡೋಣ. ಕ್ಲಬ್ಬಿನ ಬೋರ್ಡ್ ಮೇಲೆ ನನ್ನ ಹೆಸ್ರು ಇನ್ನೊಂದು ಸಲ ಬರೆದಿದ್ದಾರೆ, ಇಪ್ಪತ್ತೊಂಬತ್ತಕ್ಕೆ. ಅದೊಂದು ಮುಗಿಸಿ ಕೊಡ್ತೀನಿ. ಒಪ್ಕೊಂಡ ಮಾಲು ಇಳಿಸದೆ ಗಾಡಿ ತಿರುಗಿಸಬಾರ್ದು."

ನಾಳಿನ ಗುರುವಾರ ಇಬ್ಬರೂ ಹೋಗುತ್ತಿಲ್ಲ. ಅವರು ಮೊಣಕಾಲು ನೋವು ಎಂದರು. ನಾನು ಕ್ಲಿನಿಕ್ಕಿನಲ್ಲಿ ಕೆಲಸ ಇದೆ ಎಂದೆ.

ಮಾರ್ಚ್ 1, ಶುಕ್ರವಾರ. ಬೆಳಿಗ್ಗೆ, ಕ್ಲಿನಿಕ್

ಹತ್ತು ಗಂಟೆಯವರೆಗೆ ಅಪಾಯಿಂಟ್‌ಮೆಂಟ್ ಇಲ್ಲ. ಎಲ್ಲವನ್ನೂ ಬರೆಯಬೇಕು, ಮರೆಯುವ ಮುಂಚೆ.

ನಿನ್ನೆ ಕೋಣೆ ತುಂಬಿತ್ತು. ಕುರ್ಚಿ ಹರಾಜಿನ ಸುದ್ದಿ ಕೇಳಿ ವಿಮಾ ಏಜೆಂಟ್ ತನ್ನ ಆಫೀಸಿನವರನ್ನೂ ಕರೆತಂದಿದ್ದ. ಎಲ್ಲರೂ ನಗಲು ತಯಾರಾಗಿ, ಮೊದಲೇ ಅರ್ಧ ನಗು ಹಾಕಿಕೊಂಡು ಕೂತಿದ್ದರು. ಮಾವ ಹೆಸರು ಕರೆದಾಗ ಎದ್ದು, ನಿಧಾನ ನಡೆದು, ಭಾಷಣದ ಸ್ಟ್ಯಾಂಡಿನ ಹಿಂದೆ ನಿಂತರು. ಕೈ ಎಲ್ಲಿಡಬೇಕೋ ಗೊತ್ತಾಗದೆ ಜೇಬಿಗೆ ಹಾಕಿ, ತೆಗೆದು, ಸ್ಟ್ಯಾಂಡಿನ ಅಂಚು ಹಿಡಿದರು.

ಏನೋ ಹೇಳಿದರು. ಕೇಳಿಸಲಿಲ್ಲ.

ಹಿಂದಿನ ಸಾಲಿನಿಂದ ಯಾರೋ, "ಸ್ವಲ್ಪ ಜೋರಾಗಿ ಸರ್" ಎಂದರು. ನಮ್ಮ ಮಾವನಿಗೆ! ಬೇರೆ ದಿನವಾಗಿದ್ದರೆ ಇದೇ ಜೋಕಾಗುತ್ತಿತ್ತು.

"ಮಾರುಕಟ್ಟೇಲಿ ನಾನು ಕೂಗ್ತಿದ್ದೆ" ಎಂದರು ಮತ್ತೆ. "ಅದು ನಿಮಗೆಲ್ಲ ಗೊತ್ತು. ಗೊತ್ತಿಲ್ದೇ ಇರೋದು ಹೇಳ್ತೀನಿ. ಮನೇಲಿ ನಾನು ಮಾತಾಡ್ತಾನೇ ಇರ್ಲಿಲ್ಲ."

ಯಾರೋ ನಕ್ಕು, ಅರ್ಧಕ್ಕೇ ನಿಲ್ಲಿಸಿದರು.

"ಬಿಸಿಲೇರೋ ಹೊತ್ತಿಗೆ ಮನೆಗೆ ಬರ್ತಿದ್ದೆ. ಗಂಟಲು ಕಟ್ಟಿರ್ತಿತ್ತು. ನಮ್ಮನೆಯೋಳು ಬಾಗಿಲು ತೆಗೆಯೋಕೆ ಮುಂಚೇನೇ ಮಾತು ಶುರು ಮಾಡಿರೋಳು. ಒಳಗಿಂದಾನೇ. ಹಾಲಿನವನು ಏನಂದ, ಮೇಲಿನ ಮನೆಯೋಳು ಯಾರ ಹತ್ರ ಜಗಳ ಆಡಿದ್ಲು, ಒಲೇಲಿ ಯಾಕೆ ಹೊಗೆ ಬಂತು. ನಾನು ಕೂತ್ಕೊಂಡು ಊಂ ಅಂತಿದ್ದೆ. ನನ್ನ ಪಾಲು ಅಷ್ಟೇ. ಊಂ ಅನ್ನೋದು ಸ್ವಲ್ಪ ತಡ ಆದ್ರೆ 'ಏನ್ರೀ, ಇದ್ದೀರಾ?' ಅನ್ನೋಳು. ಇದ್ದೀನಿ ಕಣೆ ಅಂತಿದ್ದೆ. ಜನ ಅಂದ್ಕೊಳ್ಳೋರು, ಪಾಪ, ಹೆಂಡ್ತಿ ಬಾಯಿಗೆ ಸಿಕ್ಕಿ ಅವ್ನು ಸುಸ್ತು ಅಂತ. ಸುಸ್ತಲ್ಲ. ನನಗೆ ಅದೇ ಊಟ."

ಹಸಿರು ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಡ್ರೈವಿಂಗ್ ಮೇಡಂ ಕೈ ಕಟ್ಟಿಕೊಂಡು ಕೂತಿದ್ದರು.

"ಈಗ ಅಳಿಯನ ಮನೇಲಿದ್ದೀನಿ. ಒಳ್ಳೆ ಮನೆ. ಮೂರು ಜನ, ಮೂರೂ ಜನ ಬಂಗಾರ. ಆದ್ರೆ ಯಾರೂ ಮಾತಾಡಲ್ಲ. ಅಳಿಯಂದ್ರು ದಿನವಿಡೀ ಹಲ್ಲು ನೋಡಿ ಸುಸ್ತು. ಮಗಳು ನೀರು ನೋಡಿ ಸುಸ್ತು. ಮೊಮ್ಮಗಳ ಕಿವೀಲಿ ಎರಡು ಬಿರಡೆ. ಊಟಕ್ಕೆ ಕೂತ್ರೆ ಚಮಚದ ಸದ್ದು, ತಟ್ಟೆ ಸದ್ದು. ಆ ಸದ್ದು ಕೇಳಿದ್ರೆ ನನಗೆ… ಅವಳು ಹೋದ ಮೇಲೆ ಆ ಮನೇಲಿ ಒಬ್ನೇ ಊಟ ಮಾಡಿದ್ನಲ್ಲ, ಆಗ ಇದ್ದಿದ್ದು ಅದೇ ಸದ್ದು."

ಇಲ್ಲಿ ನಿಂತರು. ನೀರು ಕುಡಿದರು. ಲೋಟವನ್ನು ಸದ್ದಾಗದ ಹಾಗೆ ಇಟ್ಟರು.

"ಅದಕ್ಕೇ ಕೂಗ್ತೀನಿ. ಬೇರೆ ಏನೂ ಬರಲ್ಲ ನನಗೆ. ಬರೋದು ಎರಡೇ ಕೆಲ್ಸ — ಕೂಗೋದು, ಕೇಳೋದು. ಮಾತು ಅವಳ ಇಲಾಖೆ. ಅಳಿಯಂದ್ರು ಹೇಳಿದ್ರು, ದನಿ ಜಾಸ್ತಿ ಮಾತು ಕಡಿಮೆ ಅಂತ. ಸರಿಯಾಗಿ ತೂಗಿದ್ರು. ಅವ್ರ ಮೇಲೆ ಬೇಜಾರಿಲ್ಲ. ನನಗೆ ಮಾತು ಹೇಳ್ಕೊಡಿ ಅಂತ ಕೇಳ್ತಿಲ್ಲ ನಾನು. ಈ ವಯಸ್ಸಲ್ಲಿ ಎಲ್ಲಿ ಬರುತ್ತೆ. ಯಾರಾದ್ರೂ ಏನಾದ್ರೂ ಹೇಳಿದ್ರೆ… ಕೇಳೋಕೆ ನಾನಿದ್ದೀನಿ. ಅಷ್ಟೇ. ಆಯ್ತು."

ಬಂದು ಕೂತುಬಿಟ್ಟರು, ನನ್ನ ಪಕ್ಕದಲ್ಲಿ. ಸಭೆಗೆ ಧನ್ಯವಾದ ಹೇಳುವುದನ್ನೂ ಮರೆತಿದ್ದರು.

ಎಲ್ಲರೂ ಒಮ್ಮೆಗೇ ಚಪ್ಪಾಳೆ ತಟ್ಟಿದರು. ವಿಮರ್ಶೆ ಮಾಡಬೇಕಾದ ಡ್ರೈವಿಂಗ್ ಮೇಡಂ ಎದ್ದರು. "ಮೆಚ್ಚುಗೆ ಹೇಳೋಕೆ ನನಗೆ ಬರಲ್ಲ. ಇವತ್ತು ಫಸ್ಟ್ ಟೈಮ್ ಗೇರ್ ಬದಲಾಯಿಸಿದ್ರಿ ಅಂಕಲ್. ತಿದ್ದುಪಡಿ — ನೀವಲ್ಲ, ನಾನು ದೀಪ ಹಾಕೋದು ಮರ್ತೆ. ನನ್ನ ಮೇಲೆ ಕಂಪ್ಲೇಂಟ್ ಬರ್ಕೊಳ್ಳಿ" ಎಂದು ಕೂತರು.

ನಾನು ನನ್ನ ಬೂಟನ್ನೇ ನೋಡುತ್ತಿದ್ದೆ. ಮಾವನ ಮನೆಗೆ ಎಷ್ಟು ವರ್ಷ ಹೋಗಿದ್ದೇನೆ. ಪ್ರತಿ ಸಲ ಅತ್ತೆಯದೇ ಮಾತು. ಮಾವ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದಾರೆ ಎಂದುಕೊಂಡಿದ್ದೆ.

ಮೆಟ್ಟಿಲಿಳಿದು ಬೀದಿಗೆ ಬಂದೆವು. ಬಸ್ ಸ್ಟಾಪ್ ದಾಟಿತು, ಔಷಧಿ ಅಂಗಡಿ ದಾಟಿತು. ಕೊನೆಗೆ ಬಾಯಿಗೆ ಬಂದದ್ದನ್ನೇ ಹೇಳಿದೆ.

"ಮಾವ… ಇವತ್ತು ಒಬ್ಬ ಪೇಷಂಟ್ ಬಂದಿದ್ದ. ಬೇಕರಿಯವನು."

ಮಾವ ತಿರುಗಿ ನೋಡಿದರು.

"ಹಲ್ಲು ನೋವು ಅಂತ ಬಂದ. ನೋಡಿದರೆ ಹಲ್ಲು ಸರಿಯಾಗೇ ಇದೆ. ಎಷ್ಟು ನೋಡಿದರೂ ಏನೂ ಇಲ್ಲ. ಯಾವಾಗ ನೋವು ಅಂತ ಕೇಳಿದೆ. ಭಾವಮೈದ ಮನೆಗೆ ಬಂದಾಗ ಅಂದ."

"ಊಂ."

"ಹಲ್ಲು ಕಡೀತಾನೆ ಮಾವ, ಸಿಟ್ಟಿಗೆ. ಅದಕ್ಕೆ ನೋವು."

"ಊಂ. ಆಮೇಲೆ? ಭಾವಮೈದ ಎಷ್ಟು ದಿನ ಇರ್ತಾನಂತೆ?"

ಅದು ನನಗೆ ಗೊತ್ತಿರಲಿಲ್ಲ. ಅವನನ್ನು ಕೇಳಿಯೇ ಇರಲಿಲ್ಲ. ಅವನ ಬಾಯಲ್ಲಿ ಹತ್ತಿ ಇತ್ತು. "ಮುಂದಿನ ಸಲ ಕೇಳಿ" ಎಂದರು ಮಾವ. "ಮುಖ್ಯವಾದ್ದೇ ಬಿಟ್ಟಿದ್ದೀರಿ."

ಮನೆ ಮುಟ್ಟುವ ಹೊತ್ತಿಗೆ ಕ್ಲಿನಿಕ್ಕಿನ ಇಡೀ ವಾರದ್ದು ಹೇಳಿ ಮುಗಿಸಿದ್ದೆ. ಗಂಟಲು ಒಣಗಿತ್ತು.

ಮಾರ್ಚ್ 2, ಶನಿವಾರ

ಹೆಂಡತಿಗೆ ಭಾಷಣದ ವಿಷಯ ಹೇಳಿದೆ. ಸಿಂಕಿನ ಮುಂದೆ ಬೆನ್ನು ಮಾಡಿ ನಿಂತು ಕೇಳಿದಳು. ನಲ್ಲಿ ಸುಮ್ಮನೆ ಹರಿಯುತ್ತಿತ್ತು, ನೀರಿನ ಇಲಾಖೆಯವಳ ಮನೆಯಲ್ಲಿ.

"ನಾನು ಹುಟ್ಟಿದಾಗಿಂದ ಅಪ್ಪ ಮನೇಲಿ ಕೂಗಿದ್ದು ಕೇಳಿಲ್ಲ ರೀ. ಇಲ್ಲಿಗೆ ಬಂದ ಮೇಲೇನೇ. ಖುಷಿಯಾಗಿದ್ದಾರೆ ಅಂದ್ಕೊಂಡೆ. ಮನೆ ಹಿಡಿಸಿದೆ, ಅದಕ್ಕೇ ಕೂಗ್ತಾರೆ ಅಂತ."

ಮೂಗು ಒರೆಸಿಕೊಂಡಳು. ಆಮೇಲೆ ನಗು ಬಂತು ಅವಳಿಗೆ. "ನಾವಿಬ್ರೂ ಎಂಥ ಕಿವುಡರು ಅಲ್ವಾ?"

ಮಾರ್ಚ್ 5, ಮಂಗಳವಾರ

ಊಟದ ಮೇಜಿನಲ್ಲಿ ಮಾತಾಡುವುದು ಸುಲಭವಲ್ಲ. ನಿನ್ನೆ ಹೆಂಡತಿ ಶುರು ಮಾಡಿದಳು. "ಇವತ್ತು ಪೂರ್ವ ಬಡಾವಣೆ ಸ್ಯಾಂಪಲ್‌ನಲ್ಲಿ ಕ್ಲೋರಿನ್ ಜಾಸ್ತಿ ಬಂತು." ಎಲ್ಲರೂ ಸುಮ್ಮನೆ. ನಾನು "ಓ" ಎಂದೆ. ಮತ್ತೆ ಸುಮ್ಮನೆ. ಮೂರು ಜನ ಪರೀಕ್ಷೆಗೆ ಕೂತ ಹಾಗೆ.

ಮಾವ ಕಾಪಾಡಿದರು. "ಜಾಸ್ತಿ ಆದ್ರೆ ಏನಾಗುತ್ತಮ್ಮ?" ಎಂದರು. ಅವಳು ಹೇಳಿದಳು. "ಯಾರು ಹಾಕಿದ್ದು?" ಹೇಳಿದಳು. "ಅವ್ನು ನಿನ್ನ ಮೇಲೆ ರೇಗ್ಲಿಲ್ವಾ?" ಅಲ್ಲಿಂದ ಅಣೆಕಟ್ಟೆ ಒಡೆಯಿತು. ಅವಳ ಲ್ಯಾಬಿನಲ್ಲಿ ಇಷ್ಟೊಂದು ರಾಜಕೀಯ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸೂಪರ್‌ವೈಸರ್ ಒಬ್ಬನಿಗೆ ಅವಳು ಇಟ್ಟ ಅಡ್ಡಹೆಸರು ಕೇಳಿ ಸಾರು ನೆತ್ತಿಗೇರಿತು.

ಈ ಮನುಷ್ಯನಿಗೆ ಕೇಳುವುದು ಗೊತ್ತು. ಪ್ರಶ್ನೆ ಚಿಕ್ಕದು, ಸರಿಯಾದ ಜಾಗಕ್ಕೆ. ಹುಳುಕು ಹುಡುಕುವ ನನ್ನ ಪ್ರೋಬ್ ಕೂಡ ಅಷ್ಟು ಸರಿಯಾಗಿ ಹೋಗಿ ನಿಲ್ಲುವುದಿಲ್ಲ.

ಮಗಳ ಒಂದು ಕಿವಿ ಖಾಲಿ ಇತ್ತು. ಇನ್ನೊಂದರಲ್ಲಿ ಇಯರ್‌ಫೋನ್ ಇತ್ತು. ಇರಲಿ.

ಮಾರ್ಚ್ 10, ಭಾನುವಾರ

ಇವತ್ತು ಹತ್ತನೇ ತಾರೀಕು. ಯಾರೂ ಆ ಮಾತು ಎತ್ತಿರಲಿಲ್ಲ. ಬೆಳಿಗ್ಗೆ ಮಾವ ಅಂಗಿ ಹಾಕಿಕೊಂಡು ಹೊರಟರು. ಹೆಂಡತಿ ಚಹಾ ಸೋಸುವುದನ್ನು ನಿಲ್ಲಿಸಿದಳು.

"ಎಲ್ಲಿಗಪ್ಪ?"

"ಆ ರೂಮಿನೋರಿಗೆ ಹೇಳಿ ಬರ್ತೀನಿ. ಮಾತು ಕೊಟ್ಟಿದ್ದೆ, ಫೋನಲ್ಲಿ ಹೇಳಿದ್ರೆ ಚೆನ್ನಾಗಿರಲ್ಲ."

"ಏನಂತ ಹೇಳ್ತೀರಾ?"

ಮಾವ ಚಪ್ಪಲಿ ಹುಡುಕಿದರು, ಕಾಲಲ್ಲೇ ಇದ್ದದ್ದನ್ನು. "ಏನಂತ ಅಂದ್ರೆ… ಬೇಕರಿಯವನ ಭಾವಮೈದ ಹೊರಟ್ನೋ ಇಲ್ವೋ ಇನ್ನೂ ಗೊತ್ತಾಗಿಲ್ಲ. ಅರ್ಧದಲ್ಲಿ ಹೇಗೆ ಹೋಗೋದು?"

ನಾನೂ ಜೊತೆಗೆ ಹೋದೆ. ಹಳೆಯ ಮಾರುಕಟ್ಟೆಯ ಹತ್ತಿರ ಎಲ್ಲರೂ ಅವರನ್ನು ಬಲ್ಲರು. ಒಬ್ಬ ಹಣ್ಣಿನವನು ಗಾಡಿ ಬಿಟ್ಟು ಓಡಿಬಂದು ಕೈ ಹಿಡಿದುಕೊಂಡ. ಮಾವ ನನ್ನನ್ನು ತೋರಿಸಿ, "ಅಳಿಯ. ಒಳ್ಳೆ ಮಾತುಗಾರ" ಎಂದರು. ಎಡವಿ ಬೀಳುವುದೊಂದು ಬಾಕಿ.

ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಹೋದರು. ತಲೆ ನನ್ನ ಭುಜಕ್ಕೆ ತಗಲುತ್ತಿತ್ತು. ನಮ್ಮ ಸ್ಟಾಪ್ ಬಂದರೂ ಎಬ್ಬಿಸಲು ಮನಸ್ಸು ಬರಲಿಲ್ಲ. ಮುಂದಿನದರಲ್ಲಿ ಇಳಿದು ವಾಪಸು ನಡೆದೆವು.

ಮಾರ್ಚ್ 21, ಗುರುವಾರ. ಸಂಜೆ

ಹನ್ನೊಂದು ದಿನ ಬರೆದೇ ಇಲ್ಲ. ಬರೆಯುವ ಹೊತ್ತಿಗೆ ಎಲ್ಲ ಮಾವನಿಗೆ ಹೇಳಿ ಆಗಿರುತ್ತದೆ.

ಇವತ್ತು ನನ್ನ ಸರದಿ. ವಿಮರ್ಶೆ ಮಾಡುವವರು ಮಾವ. ಮೂರು ದಿನದಿಂದ ಹೆದರಿಸುತ್ತಿದ್ದಾರೆ. "ಅಳಿಯಂದ್ರೆ, ತಕ್ಕಡಿ ಈಗ ನನ್ನ ಕೈಲಿದೆ." ಹೆಂಡತಿ ಮಗಳು ಇಬ್ಬರೂ ಅತಿಥಿಗಳಾಗಿ ಬರುತ್ತಿದ್ದಾರೆ. ಮಗಳಿಗೆ ಎಲ್ಲಕ್ಕಿಂತ ಆ ಕೆಂಪು ದೀಪ ನೋಡುವ ಆಸೆ.

ವಿಷಯ ಏನು ಎಂದು ಯಾರಿಗೂ ಹೇಳಿಲ್ಲ. ಅತ್ತೆ. ಅವರ ಮಾತು ನನಗೆ ಎಷ್ಟು ನೆನಪಿದೆ ಎಂದು ಈ ವಾರ ಗೊತ್ತಾಯಿತು. ನಾನೂ ಆ ಮನೆಯಲ್ಲಿ ಸುಮ್ಮನೆ ಕೂತು ಕೇಳುತ್ತಿದ್ದವನೇ ಅಲ್ಲವೇ. ಒಲೆಯ ಹೊಗೆ, ಮೇಲಿನ ಮನೆಯವಳು, ನಮ್ಮ ಮದುವೆ ಮಾತುಕತೆಯ ದಿನ ಮಾವನನ್ನು ಅಡುಗೆಮನೆಗೆ ಕರೆದು "ಹುಡುಗ ನಿಮ್ಮ ಹಾಗೇ, ಮಾತು ಕಡಿಮೆ, ಕಿವಿ ದೊಡ್ಡದು" ಎಂದು ನನ್ನ ಬಗ್ಗೆ ಅವರು ಹೇಳಿದ್ದು — ಗೋಡೆಯಾಚೆ ನನಗೆ ಎಲ್ಲ ಕೇಳಿಸಿತ್ತು. ಮಾವನಿಗೆ ಅದು ಗೊತ್ತಿಲ್ಲ. ಇವತ್ತು ಗೊತ್ತಾಗುತ್ತದೆ. ಅವರು ಹೇಗೆ ತೆಗೆದುಕೊಳ್ಳುತ್ತಾರೋ.

ಮೂವರೂ ಕೆಳಗಿಳಿದಿದ್ದಾರೆ. ಮಾವ ಬೀದಿಯಲ್ಲಿ ನಿಂತು ಕೂಗುತ್ತಿದ್ದಾರೆ, ಎದುರು ಮನೆಯ ಕಿಟಕಿಗಳೆಲ್ಲ ತೆರೆಯುವ ಹಾಗೆ. "ಅಳಿಯಂದ್ರೇ! ಒಂದು ಸಲ! ಎರಡು ಸಲ!"

ಬಂದೆ ಮಾವ. ಬಂದೆ!